ನಮ್ಮ ಬೀದಿಯ ಚರಿತ್ರೆ ಯಾವ ಕಪಾಟಿನಲ್ಲಿದೆ?

ಓದುಗರ ಪ್ರಶ್ನೆಗಳಿಗೆ ನಿವೃತ್ತ ಗ್ರಂಥಪಾಲಕಿಯ ಉತ್ತರ. ಈ ಸಲ ಬೆಂಗಳೂರಿನ ಸ್ಥಳೀಯ ಇತಿಹಾಸ ಹುಡುಕುವವರ ಪತ್ರಗಳು.

ಪ್ರಶ್ನೆ: ಮಲ್ಲೇಶ್ವರದಲ್ಲಿ ನಮ್ಮ ತಾತ ಕಟ್ಟಿಸಿದ ಮನೆಯಿದೆ. ಯಾವಾಗ ಕಟ್ಟಿಸಿದರು ಅಂತ ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪ್ಲೇಗಿನ ಕಾಲದ್ದು ಅನ್ನುವುದು ದೊಡ್ಡಪ್ಪನ ವಾದ. ಗ್ರಂಥಾಲಯಕ್ಕೆ ಹೋಗಿ ಮಲ್ಲೇಶ್ವರದ ಇತಿಹಾಸ ಬೇಕು ಅಂದೆ. ಕೊಟ್ಟ ಪುಸ್ತಕಗಳಲ್ಲಿ ನಮ್ಮ ಬೀದಿಯ ಹೆಸರೇ ಇಲ್ಲ. ಎಲ್ಲಿಂದ ಶುರು ಮಾಡಲಿ?
– ಮಲ್ಲೇಶ್ವರದ ಓದುಗರು

ಉತ್ತರ: ಮನೆಯ ಬೀರುವಿನಿಂದ. ಗ್ರಂಥಾಲಯ ಆಮೇಲೆ.

ಹಳೇ ಕ್ರಯಪತ್ರ ಇದ್ದೇ ಇರುತ್ತದೆ. ಅದರ ಕೊನೆಗೆ ಷೆಡ್ಯೂಲ್ ಅಂತ ಇರುತ್ತದಲ್ಲ, ಅಲ್ಲಿ ಚೆಕ್ಕುಬಂದಿ ಓದಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಕನ್ಸರ್ವೆನ್ಸಿ ಓಣಿ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಖಾಲಿ ನಿವೇಶನ. ಜನ ಇದನ್ನು ಓದುವುದೇ ಇಲ್ಲ, ಸಾಲಕ್ಕೆ ಬ್ಯಾಂಕಿನವರು ಓದುತ್ತಾರೆ ಅಷ್ಟೆ. ನೋಡಿ, ಆ ವರ್ಷ ನಿಮ್ಮ ದಕ್ಷಿಣದ ಪಕ್ಕದಲ್ಲಿ ಇನ್ನೂ ಮನೆ ಎದ್ದಿರಲಿಲ್ಲ ಅಂತ ಆ ಒಂದು ಸಾಲು ಹೇಳುತ್ತಿದೆ. ಪಕ್ಕದ ಮನೆಯವರ ಪತ್ರವನ್ನೂ ಕೇಳಿ ನೋಡಿ. ಅದರಲ್ಲಿ ಉತ್ತರಕ್ಕೆ ನಿಮ್ಮ ತಾತನ ಹೆಸರಿದೆಯಾ, ಅಥವಾ ಅಲ್ಲೂ ಖಾಲಿ ನಿವೇಶನವೇ? ನಾಲ್ಕು ಮನೆಯ ಪತ್ರ ಸೇರಿಸಿದರೆ ಬೀದಿ ಹೇಗೆ ತುಂಬುತ್ತಾ ಬಂತು ಅನ್ನುವುದು ಗೊತ್ತಾಗುತ್ತದೆ. ಇಂಥದ್ದನ್ನು ಯಾವ ಇತಿಹಾಸಕಾರರೂ ನಿಮಗಾಗಿ ಬರೆದಿಟ್ಟಿಲ್ಲ. ಪತ್ರ ಕಳೆದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಬಹುದು. ನಿವೇಶನದ ನಂಬರು ಮತ್ತು ಮನೆಯ ಬಾಗಿಲು ನಂಬರು ಬೇರೆ ಬೇರೆ, ಎರಡನ್ನೂ ಬರೆದುಕೊಳ್ಳಿ.

ಇನ್ನು ದೊಡ್ಡಪ್ಪನ ಪ್ಲೇಗು. ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರ ಆಗಸ್ಟ್‌ನಲ್ಲಿ. ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದದ್ದು, ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ನಿಜ. ಆದರೆ ಪ್ಲೇಗ್ ಬಂದ ಮೇಲೆ ಈ ಬಡಾವಣೆ ಮಾಡಿದರು ಅನ್ನುವುದು ಅರ್ಧ ನಿಜ. ಯೋಜನೆ ಅದಕ್ಕೂ ಮೊದಲೇ ಇತ್ತು. ಪ್ಲೇಗು ಜನರನ್ನು ಅಲ್ಲಿಗೆ ಅಟ್ಟಿತು. ಹಾಗಾಗಿ ಮನೆ ಪ್ಲೇಗಿಗಿಂತ ಹಿಂದಿನದ್ದೋ ಮುಂದಿನದ್ದೋ ಅನ್ನುವುದನ್ನು ದಾಖಲೆ ನೋಡಿಯೇ ಹೇಳಬೇಕು.

ಈಗ ಗ್ರಂಥಾಲಯ. ನೀವು ಕೇಳಿದ ಪ್ರಶ್ನೆಯಲ್ಲೇ ತೊಡಕಿದೆ. ಇತಿಹಾಸ ಬೇಕು ಅಂದರೆ ಕೌಂಟರಿನಲ್ಲಿದ್ದವರು ಇತಿಹಾಸದ ಕಪಾಟಿಗೆ ಕಳಿಸುತ್ತಾರೆ. ಪುಸ್ತಕಗಳಿಗೆ ವಿಷಯವಾರು ನಂಬರು ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಕರ್ನಾಟಕದ ಇತಿಹಾಸಕ್ಕೆ 954.87. ಅಲ್ಲಿ ರಾಜರು, ಯುದ್ಧಗಳು, ಕೆಂಪೇಗೌಡರು ಸಿಗುತ್ತಾರೆ. ನಿಮ್ಮ ಬೀದಿಯ ನಲ್ಲಿ ನೀರು 628ರಲ್ಲಿದೆ. ಪ್ಲೇಗು 614ರಲ್ಲಿದೆ. ಸರ್ಕಾರದ ವಾರ್ಷಿಕ ವರದಿಗಳಂತೂ ಎಷ್ಟೋ ಕಡೆ ನಂಬರೇ ಇಲ್ಲದೆ ಮೂಲೆಯ ಕಪಾಟಿನಲ್ಲಿ ಒಟ್ಟಾಗಿ ಕೂತಿರುತ್ತವೆ. ನಾನಿದ್ದ ಗ್ರಂಥಾಲಯದಲ್ಲಿ ಒಬ್ಬ ಅಟೆಂಡರ್ ಇದ್ದರು. ಕ್ಯಾಟಲಾಗ್ ಕಾರ್ಡು ಸುಳ್ಳು ಹೇಳಬಹುದು, ಅವರು ಹೇಳುತ್ತಿರಲಿಲ್ಲ. ಅಂಥವರನ್ನು ಹುಡುಕಿ ಮಾತಾಡಿಸಿ, ಪಿಎಚ್‌.ಡಿ. ಮಾಡಿದವರಿಗಿಂತ ಜಾಸ್ತಿ ಪ್ರಯೋಜನ.

ಕೇಳಬೇಕಾದ ಪ್ರಶ್ನೆ ಇದು: ಈ ಜಾಗದ ಲೆಕ್ಕ ಬರೆದಿಡುವ ಗರಜು ಯಾರಿಗಿತ್ತು? ಕಂದಾಯ ಯಾರು ವಸೂಲಿ ಮಾಡಿದರು, ನೀರು ಯಾರು ಕೊಟ್ಟರು? ಮಲ್ಲೇಶ್ವರ ಮೈಸೂರು ಸರ್ಕಾರದ ಕೈಯಲ್ಲಿತ್ತು. ಹಾಗಾಗಿ ಮೈಸೂರಿನ ಆಡಳಿತ ವರದಿ, ಮೈಸೂರು ಗೆಜೆಟ್, ಪ್ರಜಾಪ್ರತಿನಿಧಿ ಸಭೆಯ ನಡವಳಿ ಕೇಳಿ. ಈ ಸಭೆ 1881ರಲ್ಲಿ ಶುರುವಾಯಿತು. ಚರಂಡಿ, ದೀಪ, ಶಾಲೆ ಅಂತ ಊರೂರಿನ ಪ್ರತಿನಿಧಿಗಳು ಅಹವಾಲು ಹೇಳಿಕೊಂಡದ್ದು ಅದರಲ್ಲಿ ಅಚ್ಚಾಗಿದೆ. ಆಮೇಲೆ ಬಿ.ಎಲ್. ರೈಸ್ ಅವರ ಗೆಜೆಟಿಯರ್, ಅಂದರೆ ಜಿಲ್ಲೆ, ಊರುಗಳ ವಿವರದ ಸಂಪುಟಗಳು. ಮೊದಲ ಆವೃತ್ತಿ 1876ರಿಂದ ಬಂತು, ಪರಿಷ್ಕರಿಸಿದ್ದು 1897ರಲ್ಲಿ. 1927ರಿಂದ 1930ರವರೆಗೆ ಬಂದದ್ದು ಸಿ. ಹಯವದನ ರಾಯರ ಸಂಪುಟಗಳು. ಈ ಮೂರನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟುಕೊಂಡು 'ಬೆಂಗಳೂರು' ಅನ್ನುವ ಭಾಗ ಮಾತ್ರ ಓದಿ. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಬಂದಿದ್ದರೆ, ನಡುವೆ ಏನೋ ಆಗಿದೆ ಅಂತ ಲೆಕ್ಕ. ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದಿಂದ ಶುರು ಮಾಡಬಹುದು. ಕಡತಗಳೇ ಬೇಕಾದರೆ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಪೆನ್ಸಿಲ್ ತಗೊಂಡು ಹೋಗಿ. ಹಳೇ ಕಾಗದದ ಹತ್ತಿರ ಪೆನ್ನು ಬಿಚ್ಚಿದರೆ ನಮ್ಮಂಥವರಿಗೆ ಎದೆ ಝಲ್ ಅನ್ನುತ್ತದೆ.

ಪ್ರಶ್ನೆ: ನಮ್ಮ ಮುತ್ತಾತ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಕೆಲಸಕ್ಕಿದ್ದರಂತೆ. ನಾವು ಈಗಲೂ ಕಾಕ್ಸ್ ಟೌನ್ ಪಕ್ಕದಲ್ಲೇ ಇದ್ದೇವೆ. ಮೈಸೂರು ಸರ್ಕಾರದ ವರದಿಗಳನ್ನು ತಿರುವಿ ಹಾಕಿದೆ, ನಮ್ಮ ಏರಿಯಾ ಬಗ್ಗೆ ಏನೂ ಇಲ್ಲ. ನಾವು ಬೆಂಗಳೂರಿನವರೇ ಅಲ್ವಾ?
– ದಂಡು ಪ್ರದೇಶದ ಓದುಗರು

ಉತ್ತರ: ಬೆಂಗಳೂರಿನವರೇ. ಆದರೆ ಬೆಂಗಳೂರು ಎರಡಿತ್ತು.

1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯವನ್ನು ಇಲ್ಲಿಗೆ ತಂದರು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟಾಗ ದಂಡು ಪ್ರದೇಶವನ್ನು ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಂಡರು. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ಅದರ ಹೆಸರು. ಅದು ಮೈಸೂರಿಗೆ ಮರಳಿದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಮುಂಚೆ. ಎರಡೂ ಕಡೆಯ ಪುರಸಭೆಗಳು ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಹೀಗಾಗಿ ನಿಮ್ಮ ಮುತ್ತಾತನ ಕಂದಾಯದ ರಸೀದಿ ದಿವಾನರ ಕಚೇರಿಯಲ್ಲಿ ಇರುವ ಪ್ರಶ್ನೆಯೇ ಇಲ್ಲ.

ನಿಮಗೆ ಬೇಕಾದ್ದು ಸ್ಟೇಷನ್ನಿನದೇ ಆಡಳಿತ ವರದಿಗಳು. ಅವು ಬೇರೆಯಾಗಿ ಅಚ್ಚಾಗುತ್ತಿದ್ದವು. ಕಡತಗಳು ರೆಸಿಡೆಂಟರ, ಅಂದರೆ ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ, ಕಡೆಯವು. ಅವು ಈಗ ಸ್ವಲ್ಪ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿವೆ, ಸ್ವಲ್ಪ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಗಾಬರಿಯಾಗಬೇಡಿ, ವಿಮಾನ ಹತ್ತುವುದು ಬೇಕಿಲ್ಲ. ದೆಹಲಿಯವರ 'ಅಭಿಲೇಖ ಪಟಲ್' ತಾಣದಲ್ಲಿ ಕಡತಗಳ ಪಟ್ಟಿಯನ್ನು ಮನೆಯಲ್ಲೇ ಕೂತು ಹುಡುಕಬಹುದು. ಲಂಡನ್ನಿನ ಪಟ್ಟಿಯೂ ಆನ್‌ಲೈನ್ ಇದೆ. ಅದರಲ್ಲಿ ದೇಶೀ ಸಂಸ್ಥಾನಗಳ ರೆಸಿಡೆನ್ಸಿಗಳಿಗೆ ಆರ್/2 ಅಂತ ಗುರುತು. ಮೊದಲು ಪಟ್ಟಿ ನೋಡಿ, ಕಡತದ ಪೂರ್ತಿ ನಂಬರು ಬರೆದುಕೊಳ್ಳಿ, ಆಮೇಲೆ ನಕಲಿನ ಮಾತು.

ಕುಟುಂಬ ಕ್ರೈಸ್ತರದಾಗಿದ್ದರೆ ದಾರಿ ಇನ್ನೂ ಸಲೀಸು. ದಂಡಿನ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿಯ ವಿವರದ ಪ್ರತಿಗಳು ಮದ್ರಾಸ್ ಪ್ರಾಂತ್ಯದ ಲೆಕ್ಕಕ್ಕೆ ಹೋಗುತ್ತಿದ್ದವು. ಅದೇ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಸರಣಿ ನೋಡಿ. ಬೆಂಗಳೂರಿನವರನ್ನು ಮದ್ರಾಸಿನ ಪಟ್ಟಿಯಲ್ಲಿ ಹುಡುಕಬೇಕು ಅಂತ ಎಷ್ಟು ಜನಕ್ಕೆ ಹೊಳೆಯುತ್ತದೆ? ಅಡುಗೆಯವರು, ಕುದುರೆ ನೋಡಿಕೊಳ್ಳುವವರು, ದೋಬಿಗಳು ಮಾತ್ರ ಹೆಸರಿನಿಂದ ಸಿಗುವುದು ಕಡಿಮೆ. ಸಾಹೇಬರ ನಾಯಿಯ ಹೆಸರು ದಾಖಲಾಗಿರುತ್ತದೆ, ಬಟ್ಲರನದ್ದು ಇರುವುದಿಲ್ಲ. ಅದಕ್ಕೆ ನಾನು ಯಾವಾಗಲೂ ಹೇಳುವುದು, ಮನೆಯಲ್ಲಿ ವಯಸ್ಸಾದವರು ಇದ್ದರೆ ಇವತ್ತೇ ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ.

ಒಂದು ವಿನಾಯಿತಿ ಇದೆ. ಮೈಸೂರಿನ ಜನಗಣತಿ ವರದಿಗಳಲ್ಲಿ ಸ್ಟೇಷನ್ನಿನ ಅಂಕಿಗಳೂ ಪ್ರತ್ಯೇಕವಾಗಿ ಸಿಗುತ್ತವೆ. ಯಾವ ಭಾಷೆಯವರು ಎಷ್ಟು, ಯಾವ ಕಸುಬಿನವರು ಎಷ್ಟು ಅಂತ ಅಲ್ಲಿ ನೋಡಬಹುದು.

ಪ್ರಶ್ನೆ: ಎಲ್ಲಾ ಗೂಗಲ್‌ನಲ್ಲೇ ಸಿಗುವಾಗ ಗ್ರಂಥಾಲಯಕ್ಕೆ ಸುಮ್ನೆ ಯಾಕೆ ಅಲೆಯಬೇಕು?
– ವಿಜಯನಗರದ ಓದುಗರು

ಉತ್ತರ: ಸಿಗುವಷ್ಟನ್ನು ತೆಗೆದುಕೊಳ್ಳಿ, ನಾನೇನೂ ಬೇಡ ಅನ್ನಲ್ಲ. ರೈಸ್ ಗೆಜೆಟಿಯರ್ ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪುಕ್ಕಟೆ ಇದೆ. ಆದರೆ ಹುಡುಕುವ ಪೆಟ್ಟಿಗೆಯಲ್ಲಿ ಬೆಂಗಳೂರು ಅಂತ ಹಾಕಿದರೆ ಬ್ಯಾಂಗಲೋರ್ ಅಂತ ಅಚ್ಚಾದದ್ದು ಬರಲ್ಲ. ಇಂಗ್ಲಿಷಿನಲ್ಲಿ ಮಲ್ಲೇಶ್ವರಕ್ಕೇ ನಾಲ್ಕಾರು ಕಾಗುಣಿತ ಇವೆ. ಹಳೇ ಅಚ್ಚಿನ ಕನ್ನಡವನ್ನಂತೂ ಕಂಪ್ಯೂಟರ್ ತೊದಲುತ್ತಾ ಓದುತ್ತದೆ. ಹುಡುಕಿದಾಗ ಸಿಗಲಿಲ್ಲ ಅಂದರೆ ಇಲ್ಲ ಅಂತಲ್ಲ. ಪುಸ್ತಕ ತೆರೆದು ಕೊನೆಯ ಪದಸೂಚಿ ನೋಡಿ. ಇನ್ನು ಕಪಾಟಿನ ಮುಂದೆ ನಿಂತರೆ ಪಕ್ಕದ ಪುಸ್ತಕವೂ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ನಮ್ಮ ಲೇಔಟ್ ಇರುವ ಜಾಗ ಹಿಂದೆ ಕೆರೆಯಾಗಿತ್ತು ಅಂತ ಊರ ಹಿರಿಯರು ಹೇಳುತ್ತಾರೆ. ಮಳೆ ಬಂದರೆ ನೆಲಮಹಡಿಗೆ ನೀರು ನುಗ್ಗುತ್ತದೆ. ಕಾಲೇಜಿನ ಪ್ರಾಜೆಕ್ಟಿಗೆ ಇದನ್ನೇ ತೆಗೆದುಕೊಂಡಿದ್ದೇನೆ. ಹೇಗೆ ಸಾಬೀತು ಮಾಡಲಿ ಮೇಡಂ?
– ಒಬ್ಬ ವಿದ್ಯಾರ್ಥಿ

ಉತ್ತರ: ಲೇಔಟಿನ ಹೆಸರು ಬಿಡಪ್ಪ, ಗ್ರಾಮದ ಹೆಸರು ಹಿಡಿ. ಲೇಔಟಿನ ಹೆಸರು ನಿನ್ನೆಯದು. ಅದು ಎದ್ದಿರುವುದು ಯಾವುದೋ ಗ್ರಾಮದ ಯಾವುದೋ ಸರ್ವೆ ನಂಬರಿನ ಮೇಲೆ. ಆ ಎರಡು ಸಿಕ್ಕಿದರೆ ಭೂಮಾಪನ ಇಲಾಖೆಯ ಗ್ರಾಮ ನಕಾಶೆ ನೋಡಬಹುದು. ಅವು ಇಲಾಖೆಯ ತಾಣದಲ್ಲೂ ಇವೆ. ಅದರಲ್ಲಿ ಕೆರೆಯ ಅಂಗಳ, ಹಳ್ಳ, ಬಂಡಿದಾರಿ ಎಲ್ಲಾ ಗೆರೆಯಲ್ಲಿ ಇರುತ್ತದೆ. ಜೊತೆಗೆ ಸರ್ವೆ ನಂಬರುವಾರು ವಿಸ್ತೀರ್ಣದ ಲೆಕ್ಕವಿರುವ ಆಕಾರಬಂದ್ ನೋಡು. ಆ ಸರ್ವೆ ನಂಬರಿನಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟು, ಯಾಕೆ ಖರಾಬು ಅಂತ ಅದು ಹೇಳುತ್ತದೆ.

ಆಮೇಲೆ ಸರ್ವೆ ಆಫ್ ಇಂಡಿಯಾದ ಟೊಪೊ ಶೀಟು, ಅಂದರೆ ನೆಲದ ಏರುತಗ್ಗು, ಕೆರೆ, ರಸ್ತೆ ತೋರಿಸುವ ನಕ್ಷೆ. ಬೆಂಗಳೂರಿನ ಬಹುಭಾಗ 57 ಜಿ/12 ಮತ್ತು 57 ಎಚ್/9ರಲ್ಲಿ ಬರುತ್ತದೆ. ಒಂದೇ ಶೀಟಿನ ಬೇರೆ ಬೇರೆ ವರ್ಷದ ಆವೃತ್ತಿ ಕೇಳು. ಒಂದರಲ್ಲಿ ಕೆರೆಗೆ ನೀಲಿ ಬಣ್ಣ, ಮುಂದಿನದರಲ್ಲಿ ಇಲ್ಲ ಅಂದರೆ ಯಾವ ಅವಧಿಯಲ್ಲಿ ಹೋಯಿತು ಅನ್ನುವುದು ಕೈಗೆ ಬಂತು. ಟೆಕ್ಸಾಸ್ ವಿಶ್ವವಿದ್ಯಾಲಯದ ಪೆರಿ-ಕಾಸ್ಟನೆಡಾ ಗ್ರಂಥಾಲಯ ಅಮೆರಿಕದ ಸೈನ್ಯದ ಹಳೇ ಭಾರತ ನಕ್ಷೆಗಳನ್ನು ತಾಣದಲ್ಲಿ ಹಾಕಿದೆ. ಆದರೆ ಅವು 1:2,50,000 ಪ್ರಮಾಣದವು, ಊರ ಸಣ್ಣ ಕೆರೆಗೆ ಉಪಯೋಗವಿಲ್ಲ.

ನಕ್ಷೆ ನೋಡಿದ ಮೇಲೆ ಜಾಗಕ್ಕೆ ಹೋಗು. ಕೆರೆ ಮುಚ್ಚಬಹುದು, ಏರಿಯನ್ನು ಅಳಿಸುವುದು ಕಷ್ಟ. ಎಷ್ಟೋ ಕಡೆ ಏರಿಯೇ ರಸ್ತೆಯಾಗಿದೆ. ಒಂದು ಪಕ್ಕ ಮನೆಗಳು ತಗ್ಗಿನಲ್ಲಿ, ಇನ್ನೊಂದು ಪಕ್ಕವೂ ತಗ್ಗು, ರಸ್ತೆ ಮಾತ್ರ ಎತ್ತರದಲ್ಲಿ ಬಾಗಿ ಹೋಗುತ್ತಿದ್ದರೆ ಅನುಮಾನ ಪಡು. ಧರ್ಮಾಂಬುಧಿ ಕೆರೆಯ ಅಂಗಳದಲ್ಲೇ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು, ಟ್ಯಾಂಕ್ ಬಂಡ್ ರಸ್ತೆ ಅನ್ನುವ ಹೆಸರು ಅಲ್ಲಿ ಈಗಲೂ ಇದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ತೂಬು ಎಲ್ಲಿತ್ತು, ಕೋಡಿ ಯಾವ ಕಡೆ ಹರಿಯುತ್ತಿತ್ತು ಅಂತ ಹಿರಿಯರನ್ನು ಕೇಳು. ಕೋಡಿಯ ದಿಕ್ಕು ಸಿಕ್ಕಿದರೆ ನಿಮ್ಮ ನೆಲಮಹಡಿಗೆ ನೀರು ಎಲ್ಲಿಂದ ಬರುತ್ತಿದೆ ಅಂತಲೂ ಗೊತ್ತಾಗಬಹುದು. ಪ್ರಾಜೆಕ್ಟಿಗೆ ಮಾರ್ಕ್ಸ್ ಬಂದರೆ ತಿಳಿಸು.

ಪ್ರಶ್ನೆ: ನಮ್ಮೂರು ಈಗ ಬೆಂಗಳೂರಿನ ಒಳಗೇ ಸೇರಿದೆ. ದೇವಸ್ಥಾನದ ಹಿಂದೆ ಅಕ್ಷರ ಕೊರೆದ ವೀರಗಲ್ಲು ಇದೆ. ಇದನ್ನು ಯಾರಾದರೂ ಓದಿದ್ದಾರಾ ಅಂತ ತಿಳಿಯುವುದು ಹೇಗೆ?
– ಬೆಂಗಳೂರು ದಕ್ಷಿಣದ ಓದುಗರು

ಉತ್ತರ: ಶಾಸನಗಳ ಸಂಪುಟಮಾಲೆ 'ಎಪಿಗ್ರಾಫಿಯಾ ಕರ್ನಾಟಿಕ'ದ ಒಂಬತ್ತನೇ ಸಂಪುಟ ಕೇಳಿ. ಆಗಿನ ಬೆಂಗಳೂರು ಜಿಲ್ಲೆಯ ಶಾಸನಗಳಿಗೆ ರೈಸ್ 1905ರಲ್ಲಿ ತಂದದ್ದು. ತಾಲ್ಲೂಕುವಾರು ನಂಬರು ಹಾಕಿದ್ದಾರೆ. ಕನ್ನಡ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ, ಮೂರೂ ಬೇರೆ ಬೇರೆ ಭಾಗದಲ್ಲಿ ಇರುತ್ತವೆ. ನಂಬರು ಹಿಡಿದು ಮೂರು ಕಡೆ ತಿರುವಬೇಕು. ಪಾಠದ ಮೇಲೆ ಕಲ್ಲು ಎಲ್ಲಿತ್ತು ಅಂತ ಒಂದು ಸಾಲು ಇರುತ್ತದೆ, ಇಂಥ ಊರಿನ ಪೂರ್ವದ ಹೊಲದಲ್ಲಿ, ಇಂಥ ಗುಡಿಯ ಎದುರು ಅಂತ. ನಿಮ್ಮ ಕಲ್ಲು ಹೊಲದಿಂದ ಗುಡಿಯ ಹಿಂದಕ್ಕೆ ಬಂದಿದ್ದರೆ ಅದನ್ನೂ ಬರೆದಿಡಿ. ಅಲ್ಲಿ ಇಲ್ಲದಿದ್ದರೆ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನು ನೋಡಿ, ಆರ್. ನರಸಿಂಹಾಚಾರ್ಯರ ಕಾಲದಿಂದ ಮುಂದಕ್ಕೆ.

ಎರಡರಲ್ಲೂ ಇಲ್ಲ ಅಂದರೆ ಖುಷಿಪಡಿ. ಎಲ್ಲಾ ಕಲ್ಲುಗಳನ್ನೂ ಓದಿ ಮುಗಿಸಿಲ್ಲ. ಬೇಗೂರಿನ, ಸುಮಾರು ಕ್ರಿ.ಶ. 890ರ 'ಬೆಂಗಳೂರು ಕಾಳಗ'ದ ಶಾಸನ ಎಲ್ಲರಿಗೂ ಗೊತ್ತು. ಅದಕ್ಕಿಂತ ಹಳೆಯದು, ಗಂಗ ಶ್ರೀಪುರುಷನ ಕಾಲದ್ದು, ಹೆಬ್ಬಾಳದಲ್ಲಿ ಬೆಳಕಿಗೆ ಬಂದದ್ದು 2018ರಲ್ಲಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುವ ಕೆಲಸ ಕೈಗೆತ್ತಿಕೊಂಡಿದ್ದಾರೆ, ಅವರಿಗೆ ತಿಳಿಸಿ. 1909ರ ಸಂಸ್ಥೆ, ಒಳ್ಳೆಯ ಗ್ರಂಥಾಲಯವೂ ಇದೆ.

ಅಲ್ಲಿಯವರೆಗೆ ಕಲ್ಲಿಗೆ ಬಣ್ಣ ಬಳಿಯಬೇಡಿ, ಸೀಮೆಸುಣ್ಣ ತುಂಬಬೇಡಿ, ತಂತಿ ಬ್ರಷ್ ಹಾಕಿ ಉಜ್ಜಬೇಡಿ. ನಡುಮಧ್ಯಾಹ್ನ ಫೋಟೋ ತೆಗೆದರೆ ಅಕ್ಷರ ಏಳುವುದಿಲ್ಲ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಬಿಡಿ, ಒಮ್ಮೆ ಎಡದಿಂದ, ಒಮ್ಮೆ ಬಲದಿಂದ. ಕಲ್ಲಿನ ಬುಡದಲ್ಲಿ ಒಂದು ಸ್ಕೇಲು ಇಟ್ಟು ತೆಗೆಯಿರಿ, ಓದುವವರಿಗೆ ಅಳತೆ ಬೇಕಾಗುತ್ತದೆ.