ಓದುಗರ ಪ್ರಶ್ನೆಗೆ ಉತ್ತರ: ಪಟ್ಟಣದ ವೆಲ್ಲೆಸ್ಲಿ ಯಾರು?

ಪ್ರಶ್ನೆ: ಸಾರ್, ನಮ್ಮ ಶ್ರೀರಂಗಪಟ್ಟಣದ ಹಳೇ ಕಲ್ಲಿನ ಸೇತುವೆಗೆ ವೆಲ್ಲೆಸ್ಲಿ ಹೆಸರಿದೆ. ನೆಪೋಲಿಯನ್‌ನ ಸೋಲಿಸಿದ ಜನರಲ್ ಅವ್ನೇ ತಾನೆ? ಟಿಪ್ಪು ಸತ್ತ ಮೇಲೆ ಊರನ್ನ ಲೂಟಿಯಿಂದ ಉಳ್ಸಿದ್ದೇ ಅವ್ನು ಅಂತ ಗೈಡ್ ಒಬ್ರು ಹೇಳ್ತಿದ್ರು, ನನ್ ಫ್ರೆಂಡು ಆ ಹೆಸ್ರೇ ಕಿತ್ತಾಕ್ಬೇಕು ಅಂತಾನೆ. ಯಾರ ಮಾತು ಸರಿ?
– ಗಂಜಾಂ ಓದುಗ

ಉತ್ತರ: ಸೇತುವೆ ವಿಷ್ಯ ಮೊದ್ಲು ಮುಗಿಸ್ಬಿಡೋಣ. ಅದು ಜನರಲ್ ಹೆಸರಲ್ಲ, ಅವನ ಅಣ್ಣ ರಿಚರ್ಡ್ ವೆಲ್ಲೆಸ್ಲಿದು, ಆಗಿನ ಗವರ್ನರ್ ಜನರಲ್. ಕಟ್ಸಿದ್ದು ನಮ್ಮ ದಿವಾನ್ ಪೂರ್ಣಯ್ಯನವರು, 1804ರಲ್ಲಿ. ನೀವು ಕೇಳ್ತಿರೋ ಆರ್ಥರ್ ವೆಲ್ಲೆಸ್ಲಿ ತಮ್ಮ. 1799ರಲ್ಲಿ ಇಲ್ಲಿಗೆ ಬಂದಾಗ ಇನ್ನೂ ಬರೀ ಕರ್ನಲ್, ಸುಲ್ತಾನಪೇಟೆ ತೋಪಿಗೆ ರಾತ್ರಿ ನುಗ್ಗಕ್ಕೆ ಹೋಗಿ ಕತ್ತಲಲ್ಲಿ ದಾರಿ ತಪ್ಪಿ, ಮೊಣಕಾಲಿಗೆ ಏಟು ತಿಂದು, ತನ್ನ ಹನ್ನೆರಡು ಜನರನ್ನ ಟಿಪ್ಪು ಕಡೆಯವ್ರ ಕೈಗೆ ಬಿಟ್ಟು ವಾಪಸ್ ಬಂದೋನು. ಮಾರನೇ ದಿನ ಹಗಲಲ್ಲಿ ಜಾಸ್ತಿ ಸೈನ್ಯ ತಗೊಂಡು ಹೋಗಿ ತೋಪು ಹಿಡಿದ ಅನ್ನೋದು ಬೇರೆ ಮಾತು.

ಮೇ 4ಕ್ಕೆ ಕೋಟೆಗೆ ನುಗ್ಗಿದ ಪಡೆ ನಡ್ಸಿದ್ದು ಡೇವಿಡ್ ಬೇರ್ಡ್. ಹೈದರ್ ಕಾಲದಲ್ಲಿ ಇದೇ ಪಟ್ಟಣದಲ್ಲಿ ವರ್ಷಗಟ್ಲೆ ಸೆರೆ ಇದ್ದೋನು. ಕೋಟೆ ಗೆದ್ದು ಬೆವರು ಆರೋ ಮೊದ್ಲೇ ಪಟ್ಟಣದ ಅಧಿಕಾರ ಸಿಕ್ಕಿದ್ದು ಮಾತ್ರ ಅವನಿಗಿಂತ ಚಿಕ್ಕ ಹುದ್ದೆಯ ಆರ್ಥರ್‌ಗೆ, ಬೇರ್ಡ್ ಕೆಂಡಾಮಂಡಲ ಆದ. ಅಣ್ಣ ಗವರ್ನರ್ ಜನರಲ್ ಆಗಿರೋದು ಕೆಲಸಕ್ಕೆ ಬರಲ್ಲ ಅಂತ ಯಾರಾದ್ರೂ ನಂಬ್ತಾರಾ?

ಇನ್ನು ಲೂಟಿ. ಗೈಡ್ ಹೇಳಿದ್ರಲ್ಲಿ ಅರ್ಧ ನಿಜ. ಆ ರಾತ್ರಿ ಕಂಪನಿ ಸಿಪಾಯಿಗಳು, ಬಿಳಿ ಸೋಲ್ಜರ್‌ಗಳು ಸೇರಿ ಊರಲ್ಲಿ ಒಂದು ಮನೆ ಬಿಡದೆ ದೋಚಿದ್ರು, ಆರ್ಥರ್ ಬಂದು ಕೆಲವ್ರನ್ನ ನೇಣಿಗೆ ಹಾಕ್ಸಿ ಉಳಿದೋರಿಗೆ ಚಾಟಿ ಬೀಸ್ಸಿ ನಿಲ್ಸಿದ, ಇದನ್ನ ಅವನೇ ಅಣ್ಣನಿಗೆ ಬರೆದಿದ್ದಾನೆ. ಜನ ಉಸಿರು ಬಿಟ್ರು, ಒಪ್ಕೋತೀನಿ. ಆದ್ರೆ ನಿಂತಿದ್ದು ಚಿಲ್ಲರೆ ಲೂಟಿ ಅಷ್ಟೇ ಕಣ್ರೀ. ಅರಮನೆ ಖಜಾನೆಗೆ ಕಮಿಟಿ ಕೂತು ಲೆಕ್ಕ ಹಾಕಿ ರ‍್ಯಾಂಕ್ ಪ್ರಕಾರ ಹಂಚ್ಕೊಂಡ್ರು. ಕಮಾಂಡರ್ ಜನರಲ್ ಹ್ಯಾರಿಸ್ ಒಬ್ಬನಿಗೇ 1 ಲಕ್ಷ 40 ಸಾವಿರ ಪೌಂಡ್ ಮೇಲೆ, ಆರ್ಥರ್‌ಗೆ 4 ಸಾವಿರದಷ್ಟು. ಟಿಪ್ಪು ಸಿಂಹಾಸನವನ್ನೇ ತುಂಡು ಮಾಡಿದ್ರು, ಅದರ ಹುಲಿ ತಲೆ ಈಗ್ಲೂ ಇಂಗ್ಲೆಂಡ್ ರಾಜಮನೆತನದ ಹತ್ರ ಇದೆ. ಸಿಪಾಯಿ ಕದ್ರೆ ನೇಣು, ಸಾಹೇಬ ತಗೊಂಡ್ರೆ ಪ್ರೈಜ್ ಮನಿ.

ಅದಕ್ಕಿಂತ ದೊಡ್ಡ ಏಟು ಅದೇ ವರ್ಷದ ಒಪ್ಪಂದ. ಅದನ್ನ ರೆಡಿ ಮಾಡಿದ ಕಮಿಷನ್‌ನಲ್ಲಿ ಆರ್ಥರ್ ಕೂಡ ಇದ್ದ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ್‌ಗೆ ಪಟ್ಟ ಕಟ್ಟಿ, ಕಂಪನಿ ಸೈನ್ಯದ ಖರ್ಚಿಗೆ ಅಂತ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕೊಡ್ಬೇಕು ಅಂತ ಬರೆಸ್ಕೊಂಡ್ರು. ನಮ್ಮ ರೈತನ ಕಂದಾಯದಲ್ಲಿ ನಮ್ಮ ಮೇಲೇ ಕಾವಲು. ಹೆಸ್ರು ಕೀಳೋ ವಿಷ್ಯಕ್ಕೆ ನನ್ನ ಅಭಿಪ್ರಾಯ ಕೇಳಿದ್ರೆ, ಕೀಳೋ ಬದ್ಲು ಪಕ್ಕದಲ್ಲಿ ಪೂರ್ಣಯ್ಯನವ್ರ ಹೆಸರು, ಈ 7 ಲಕ್ಷದ ಲೆಕ್ಕ ಎರಡನ್ನೂ ದೊಡ್ಡ ಬೋರ್ಡಲ್ಲಿ ಹಾಕ್ಲಿ.

ಪ್ರಶ್ನೆ: ನಮ್ಮ ಅಮೃತಮಹಲ್ ಎತ್ತುಗಳನ್ನ ಈ ವೆಲ್ಲೆಸ್ಲಿ ಬಳಸ್ಕೊಂಡಿದ್ನಂತೆ, ಹೌದಾ?
– ಪಾಂಡವಪುರ ಓದುಗ

ಉತ್ತರ: ಹೌದು. ಒಡೆಯರ್ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದ ದನದ ಇಲಾಖೆಗೆ ಅಮೃತಮಹಲ್ ಅಂತ ಹೆಸರಿಟ್ಟಿದ್ದು ಟಿಪ್ಪು. 1799ರ ನಂತ್ರ ಆ ಹಿಂಡು ಇಂಗ್ಲಿಷರ ಸೈನ್ಯಕ್ಕೂ ದುಡೀತು. ಧೋಂಡಿಯಾ ವಾಘ್ ಅನ್ನೋ ಬಂಡುಕೋರ ಪಟ್ಟಣದ ಸೆರೆಯಿಂದ ತಪ್ಪಿಸ್ಕೊಂಡು ದಂಡು ಕಟ್ಟಿದಾಗ ಅವನ ಹಿಂದೆ ಬಿದ್ದು 1800ರ ಸೆಪ್ಟೆಂಬರ್‌ನಲ್ಲಿ ಕೊಂದಿದ್ದು ಇದೇ ಆರ್ಥರ್, ಅಂಥ ಓಟಕ್ಕೆ ಫಿರಂಗಿ, ಅಕ್ಕಿ ಎಳೆಯೋಕೆ ಗಟ್ಟಿ ಎತ್ತು ಇಲ್ದೆ ಆಗ್ತಿರ್ಲಿಲ್ಲ. ಆಮೇಲೆ ಸ್ಪೇನ್ ಕಡೆ ಯುದ್ಧ ಮಾಡೋವಾಗ ಮೈಸೂರು ಎತ್ತು ಇದ್ದಿದ್ರೆ ಅಂತ ಹಲುಬಿದ ಅಂತಾರೆ.