ನಾಕ್ಸ್‌ವಿಲ್‌ಗೆ ಬರುವ ತಮ್ಮನಿಗೆ

ತಮ್ಮಾ, ಆಗಸ್ಟ್‌ನಲ್ಲಿ ಪಿಎಚ್‌ಡಿಗೆ ಅಮೆರಿಕಕ್ಕೆ ಬರ್ತೀಯ ಅಂತ ತಿಳಿದು ಖುಷಿಯಾಯಿತು. ಬಾಡಿಗೆ, ಊಟ ಹೇಗೆ, ಜಿಪಿಯು (ಸಾವಿರಾರು ಲೆಕ್ಕ ಒಟ್ಟಿಗೆ ಮಾಡುವ ಚಿಪ್) ಪ್ರೋಗ್ರಾಮಿಂಗ್ ಬಾರದಿದ್ದರೆ, ಒಂದೇ ಕೆಲಸವನ್ನು ಹಲವು ಪ್ರೊಸೆಸರ್‌ಗೆ ಹಂಚುವ ಪ್ಯಾರಲಲ್ ಕಂಪ್ಯೂಟಿಂಗ್ ಲ್ಯಾಬಿನಲ್ಲಿ ನಡೆಯುತ್ತಾ ಅಂತ ಕೇಳಿದ್ದೀಯ.

ಇಬ್ಬರು ಮೂವರು ಸೇರಿ ಮನೆ ಮಾಡಿದರೆ ಸ್ಟೈಪೆಂಡಿನಲ್ಲಿ ಸಾಗುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಎಷ್ಟು ಕಟ್ಟಬೇಕು ಅಂತ ಅವ್ವನಿಗೆ ಹೇಳಬೇಕಾಗಿಲ್ಲ, ಅಲ್ವಾ?

ಜಿಪಿಯು ಬಗ್ಗೆ ಹೆದರಬೇಡ, ಇಲ್ಲೇ ಕಲಿಯಬಹುದು. ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಓದು ಮುಗಿಸಿ ಬಂದಾಗ, ಪ್ರೊಫೆಸರ್ ಮೊದಲ ಭೇಟಿಯಲ್ಲಿ ಭಾಷೆ, ಮಷೀನು ಏನೂ ಕೇಳಲಿಲ್ಲ. 'ನಿನ್ನ ಪ್ರೋಗ್ರಾಮಿನ ಟೈಮ್ ಎಲ್ಲಿ ಹೋಗುತ್ತೆ, ಅಳೆದಿದ್ದೀಯಾ?' ಅಂದರು. ನನ್ನ ಕೆಲಸವೆಲ್ಲ ಆ ಪ್ರಶ್ನೆಯ ಮೇಲೇ ನಿಂತಿದೆ.

ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಇದನ್ನು ತೋರಿಸಿದ್ದರು. ಪ್ರೋಗ್ರಾಮಿನ ಶೇ. 5ರಷ್ಟು ಕೆಲಸವನ್ನು ಹಂಚಲು ಆಗದಿದ್ದರೆ, ಸಾವಿರ ಕೋರ್ (ಲೆಕ್ಕ ಮಾಡುವ ಘಟಕ) ಕೊಟ್ಟರೂ ವೇಗ 20 ಪಟ್ಟು ಮುಟ್ಟುವುದಿಲ್ಲ. ಮದುವೆ ಮನೆಯಲ್ಲಿ ಹತ್ತು ಮಂದಿ ರೊಟ್ಟಿ ಬಡಿಯಲು ಕೂತಿದ್ದಾರೆ, ಹಿಟ್ಟು ನಾದುವವರು ಒಬ್ಬರೇ. ಮುಂದಿನದು ನಿನಗೇ ಗೊತ್ತು.

ಇಲ್ಲಿಂದ ಸ್ವಲ್ಪ ದೂರದ ಓಕ್ ರಿಜ್‌ನಲ್ಲಿ ಫ್ರಾಂಟಿಯರ್ ಅನ್ನೋ ಸೂಪರ್‌ ಕಂಪ್ಯೂಟರ್ ಇದೆ. ಅತಿ ವೇಗದ ಕಂಪ್ಯೂಟರುಗಳ 2022ರ ಟಾಪ್500 ಪಟ್ಟಿಯಲ್ಲಿ ಎಕ್ಸಾಫ್ಲಾಪ್ (ಸೆಕೆಂಡಿಗೆ ಒಂದರ ಮುಂದೆ 18 ಸೊನ್ನೆಯಷ್ಟು ಲೆಕ್ಕ) ದಾಟಿದ ಮೊದಲ ಮಷೀನು ಅದು. 37,000ಕ್ಕೂ ಜಾಸ್ತಿ ಜಿಪಿಯು. (ಆ ಪಟ್ಟಿ ಮಾಡುವವರಲ್ಲಿ ಒಬ್ಬರಾದ, ಕಂಪ್ಯೂಟರ್ ವಿಜ್ಞಾನದ ಟ್ಯೂರಿಂಗ್ ಪ್ರಶಸ್ತಿ ಪಡೆದ ಜ್ಯಾಕ್ ಡೊಂಗಾರಾ ನಮ್ಮ ಟೆನೆಸಿ ಯುನಿವರ್ಸಿಟಿಯವರು. ಹೇಳುವಾಗ ಈಗಲೂ ಹೆಮ್ಮೆ.) ಅಷ್ಟು ದೊಡ್ಡ ಮಷೀನಿನಲ್ಲಿ ಲೆಕ್ಕಕ್ಕಿಂತ ಡೇಟಾ ಸಾಗಿಸುವುದೇ ಎಷ್ಟೋ ಸಲ ದುಬಾರಿ. ಒಂದು ನೋಡ್, ಅಂದರೆ ಅದರೊಳಗಿನ ಒಂದು ಕಂಪ್ಯೂಟರ್, ತಡವಾದರೆ ಎಲ್ಲವೂ ಬಂದು ಸೇರಬೇಕಾದ ಬ್ಯಾರಿಯರ್ ಹತ್ತಿರ ಉಳಿದವೆಲ್ಲ ಸುಮ್ನೆ ಕಾಯುತ್ತವೆ.

ಹೊರಡುವ ಮುಂಚೆ ಲ್ಯಾಪ್‌ಟಾಪಿಗೆ ಎಂಪಿಐ (ಪ್ರೊಸೆಸ್‌ಗಳು ಪರಸ್ಪರ ಸಂದೇಶ ಕಳಿಸುವ ವ್ಯವಸ್ಥೆ) ಹಾಕಿಕೋ. 1994ರ ಸ್ಟ್ಯಾಂಡರ್ಡ್, ಇವತ್ತಿಗೂ ಅದೇ ಆಧಾರ. ಮ್ಯಾಟ್ರಿಕ್ಸ್ ಗುಣಾಕಾರ ಬರೆದು ಒಂದು, ಎರಡು, ನಾಲ್ಕು ಪ್ರೊಸೆಸ್‌ಗೆ ಹಂಚು. ಪ್ರತಿ ಸಲದ ಟೈಮ್ ಬರೆದಿಡು. ಎಲ್ಲಿ ಲಾಭ ನಿಲ್ಲುತ್ತದೆ, ಯಾಕೆ ಅಂತ ಹುಡುಕು.

ನೀನು ಕೇಳದ ಒಂದು ಮಾತು ಹೇಳುತ್ತೇನೆ. ನಮ್ಮ ಕ್ಷೇತ್ರದ ದೊಡ್ಡ ಸಮ್ಮೇಳನ ಅಮೆರಿಕದಲ್ಲಿ ಪ್ರತಿ ನವೆಂಬರ್‌ನಲ್ಲಿ. ದೀಪಾವಳಿಯೂ ಅದರ ಆಚೆ ಈಚೆ. ಈ ಪೇಪರ್ ಮುಗಿಯಲಿ, ಈ ಸೆಮಿಸ್ಟರ್ ಮುಗಿಯಲಿ ಅಂತ ವರ್ಷಗಳು ಹೋದವು. ಅವ್ವ ದೀಪಾವಳಿಗೆ ಸಗಣಿಯಲ್ಲಿ ಹಟ್ಟಿ ಲಕ್ಕವ್ವನನ್ನು ಮಾಡುವಾಗ ನಾನು ಪಕ್ಕದಲ್ಲಿ ಇರಲಿಲ್ಲ. ಈಗ ಅವ್ವನಿಗೆ ಮೊಣಕಾಲು ಮಡಚಲು ಬಾರದು, ವೈನಿ ಮಾಡುತ್ತಾರೆ. ಆ ಹಬ್ಬ ನನ್ನ ಕೈತಪ್ಪಿತು. ಯಾವ ಪೇಪರೂ ಅದನ್ನು ತುಂಬಿಕೊಡಲಿಲ್ಲ.

ಅದಕ್ಕೇ, ದೊಡ್ಡವರ ಮುಂದೆ ರಜೆ ಕೇಳಲು ನಮಗಿರುವ ಸಂಕೋಚ ಬಿಡು. ಎರಡನೇ ವರ್ಷದ ದೀಪಾವಳಿಗೆ ಊರಿಗೆ ಹೋಗಬೇಕು ಅಂತ ಪ್ರೊಫೆಸರ್‌ಗೆ ತಿಂಗಳುಗಳ ಮುಂಚೆಯೇ ಹೇಳು. ವೀಸಾ ಸ್ಟ್ಯಾಂಪಿನ ಅವಧಿ ನೋಡಿಕೋ. ಮುಗಿದಿದ್ದರೆ ಹೊಸದು ಹಾಕಿಸಬೇಕು, ನಮ್ಮಂಥ ವಿಷಯದವರಿಗೆ ಪರಿಶೀಲನೆಗೆ ಕೆಲವೊಮ್ಮೆ ವಾರಗಟ್ಟಲೆ ಹಿಡಿಯುತ್ತದೆ. ಯುನಿವರ್ಸಿಟಿ ಕೊಡುವ ಐ-20 ಪತ್ರದ ಮೇಲೆ ಪ್ರಯಾಣದ ಸಹಿಯನ್ನೂ ಹೊರಡುವ ಮುಂಚೆಯೇ ಹಾಕಿಸಿಕೋ.