ಕಲ್ಲಿದ್ದಲೇ ವಜ್ರವಾಗುವುದೇ?

ಪ್ರಶ್ನೆ: ಭೂಮಿಯೊಳಗೆ ಕಲ್ಲಿದ್ದಲು ಒತ್ತಡಕ್ಕೆ ಸಿಕ್ಕಿ ವಜ್ರವಾಗುತ್ತದೆ ಎಂದು ಶಾಲೆಯಲ್ಲಿ ಕೇಳಿದ್ದೆ. ಅನಂತಪುರ ಜಿಲ್ಲೆಯ ವಜ್ರಕರೂರಿನ ಕಡೆ ಮಳೆ ಬಿದ್ದ ಮೇಲೆ ಜನ ಹೊಲಗಳಲ್ಲೇ ವಜ್ರ ಹುಡುಕುತ್ತಾರೆ. ಅಲ್ಲಿ ಕಲ್ಲಿದ್ದಲೇ ಇಲ್ಲವಲ್ಲ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ನಿಮ್ಮ ಅನುಮಾನ ಸರಿ. ಎರಡರಲ್ಲೂ ಇಂಗಾಲವಿದೆ, ನಂಟು ಅಷ್ಟೇ. ಕಲ್ಲಿದ್ದಲಾಗಲು ಮೊದಲು ನೆಲದ ಮೇಲೆ ಗಿಡಮರ ಬೆಳೆದಿರಬೇಕು. ಅವು ಹುಟ್ಟಿ 50 ಕೋಟಿ ವರ್ಷವೂ ಆಗಿಲ್ಲ. ವಯಸ್ಸು ಗೊತ್ತಾಗಿರುವ ವಜ್ರಗಳಲ್ಲಿ ಹೆಚ್ಚಿನವು 100ರಿಂದ 350 ಕೋಟಿ ವರ್ಷ ಹಳೆಯವು.

ಈ ವಯಸ್ಸನ್ನು ವಜ್ರ ತಾನಾಗಿ ಹೇಳುವುದಿಲ್ಲ. ಬೆಳೆಯುವಾಗ ಅದರೊಳಗೆ ಸಿಕ್ಕಿಬಿದ್ದ ಕಣಗಳು ಹೇಳುತ್ತವೆ: ಕೆಂಪು ಗಾರ್ನೆಟ್ಟಿನ ಚೂರು, ಇಲ್ಲವೇ ಕಪ್ಪು ಸಲ್ಫೈಡ್ ಚುಕ್ಕೆ. ಸಲ್ಫೈಡಿನಲ್ಲಿರುವ ವಿಕಿರಣಶೀಲ ರೀನಿಯಂ ಬಹು ನಿಧಾನವಾಗಿ ಆಸ್ಮಿಯಂ ಆಗುತ್ತದೆ. ಎರಡರ ಪ್ರಮಾಣ ಅಳೆದರೆ ಕಾಲ ಸಿಗುತ್ತದೆ. ಆಭರಣದಂಗಡಿಯವರು ದೋಷವೆಂದು ಬೆಲೆ ಇಳಿಸುವ ಕಲ್ಲೇ ಭೂವಿಜ್ಞಾನಿಗಳಿಗೆ ಬಲು ಬೆಲೆಯದ್ದು.

ವಜ್ರ ಹುಟ್ಟುವುದು ಸಾಮಾನ್ಯವಾಗಿ 150ರಿಂದ 200 ಕಿ.ಮೀ. ಆಳದ ಮ್ಯಾಂಟಲ್ ಪದರದಲ್ಲಿ. ಅಲ್ಲಿನ ಒತ್ತಡ ನಮ್ಮ ಗಾಳಿಯ ಒತ್ತಡದ ಸುಮಾರು 50,000 ಪಟ್ಟು, ಶಾಖ 900ರಿಂದ 1,300 ಡಿಗ್ರಿ ಸೆಲ್ಸಿಯಸ್. ಬರೀ ಒತ್ತಡ ಸಾಲದು. ಶಾಖ ಮಿತಿಮೀರಿದರೆ ಅದೇ ಆಳದಲ್ಲಿ ಇಂಗಾಲ ಗ್ರಾಫೈಟಾಗಿಯೇ ಉಳಿದೀತು. ಆದ್ದರಿಂದ ಬುಡ ದಪ್ಪಗಿದ್ದು ತುಸು ತಣ್ಣಗಿರುವ ಪುರಾತನ ಭೂಖಂಡಗಳೇ ವಜ್ರಕ್ಕೆ ತಕ್ಕ ನೆಲೆ. ನಮ್ಮ ಧಾರವಾಡದ ಹೆಸರು ಹೊತ್ತ ಧಾರವಾಡ ಕ್ರೇಟಾನ್ ಅಂಥದೊಂದು. ವಜ್ರಕರೂರು ಇರುವುದು ಅದರ ಪೂರ್ವ ಭಾಗದಲ್ಲಿ. ಕಾರ್ಬೊನೇಟ್, ಮೀಥೇನ್ ಹೊತ್ತ ದ್ರವಗಳು ಆಳದ ಕಲ್ಲಿನ ಸಂದುಗಳಲ್ಲಿ ಹರಿಯುವಾಗ, ಸುತ್ತಲ ಶಿಲೆಯೊಡನೆ ರಾಸಾಯನಿಕ ಕ್ರಿಯೆ ನಡೆದು ಇಂಗಾಲ ಬೇರ್ಪಡುತ್ತದೆ, ಹರಳುಗಟ್ಟುತ್ತದೆ.

ಇನ್ನು ಅದು ಹೊಲಕ್ಕೆ ಬಂದದ್ದು. ವಜ್ರಕರೂರಿನಲ್ಲಿ ಸುಮಾರು 110 ಕೋಟಿ ವರ್ಷದ ಹಿಂದೆ ಅನಿಲ ತುಂಬಿದ ಕಿಂಬರ್ಲೈಟ್ ಶಿಲಾರಸ ಆಳದಿಂದ ನುಗ್ಗಿ ಬಂತು. ಇಂಥ ಪಯಣಕ್ಕೆ ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ. ತಡವಾದರೆ ಬಿಸಿ ಶಿಲಾರಸದಲ್ಲಿ ವಜ್ರ ಕರಗುತ್ತದೆ, ಇಲ್ಲವೇ ಗ್ರಾಫೈಟಾಗುತ್ತದೆ. ಆಮೇಲೆ ಕಿಂಬರ್ಲೈಟ್ ಬಿಸಿಲು ಮಳೆಗೆ ಪುಡಿಯಾಯಿತು, ವಜ್ರ ಮಾತ್ರ ಮಣ್ಣಲ್ಲಿ ಉಳಿಯಿತು. ಮಳೆ ಮೇಲ್ಮಣ್ಣು ತೊಳೆದಾಗ ಅದು ಕಣ್ಣಿಗೆ ಬೀಳುತ್ತದೆ.

ನೀವೂ ಹುಡುಕಲು ಹೊರಟಿದ್ದರೆ ಒಂದು ಮಾತು: ಗಾಜಿನಂತೆ ಥಳಥಳಿಸುವ ಹರಳು ಬಹುಪಾಲು ಬೆಣಚುಕಲ್ಲು. ಕಚ್ಚಾ ವಜ್ರಕ್ಕಿರುವುದು ಎಣ್ಣೆ ಸವರಿದಂಥ ಮಂದ ಹೊಳಪು.